ಕಲ್ಲು ಮೇಲೆ ಸರಿದರೆ ಮುಂದೇನು? ಆಪರೇಷನ್ ಥಿಯೇಟರಿಗೆ ಹೋಗುವ ಮೊದಲೇ ಕೇಳಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮೂತ್ರನಾಳದ ಕಲ್ಲಿಗೆ ಆಪರೇಷನ್ ಮಾಡಿಸಿಕೊಳ್ಳಲಿರುವ ಎಲ್ಲರಿಗೂ, ಅವರ ಜೊತೆ ಆಸ್ಪತ್ರೆಗೆ ಹೋಗುವ ಮನೆಯವರಿಗೂ,



ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ತೂರಿಸಿ ಒಡೆದು ತೆಗೆಯುವ ಚಿಕಿತ್ಸೆ ಈಗ ಹೊಸದೇನಲ್ಲ. ಮೈಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ, ಬಹುಪಾಲು ಜನ ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾರೆ. ಚೀಟಿಯಲ್ಲಿ ಇದನ್ನು ಯೂರೆಟೆರೋಸ್ಕೋಪಿ ಎಂದು ಬರೆದಿರುತ್ತಾರೆ. ಇಷ್ಟು ಸಲೀಸಾದ ಚಿಕಿತ್ಸೆಯಲ್ಲೂ ಒಂದು ತೊಡಕಿದೆ. ಒಡೆಯುವ ಹೊತ್ತಿನಲ್ಲಿ ಕಲ್ಲೋ ಅದರ ದೊಡ್ಡ ಚೂರೋ ಜಾರಿ ಮೇಲಕ್ಕೆ, ಕಿಡ್ನಿಯೊಳಕ್ಕೆ ಹೋಗಿಬಿಡಬಹುದು. ಹಾಗಾದಾಗ ಹೊರಗೆ ಕಾದು ಕುಳಿತ ಮನೆಯವರಿಗೆ ಸಿಗುವ ಸುದ್ದಿ ಇಷ್ಟೇ: ‘ಕಲ್ಲು ಮೇಲೆ ಹೋಯಿತು, ಸ್ಟೆಂಟ್ ಹಾಕಿದ್ದೇವೆ, ಇನ್ನೊಂದು ಸಲ ಬರಬೇಕಾಗುತ್ತದೆ.’ ಸ್ಟೆಂಟ್ ಎಂದರೆ ಮೂತ್ರ ಹರಿಯಲೆಂದು ನಾಳದೊಳಗೆ ಇಟ್ಟುಬರುವ ಸಣ್ಣ ಕೊಳವೆ. ಇಂಥದ್ದೊಂದು ಆಗಬಹುದು ಎಂಬುದನ್ನೇ ಅದುವರೆಗೆ ಕೇಳಿರದವರು ಒಂದೋ ಹಣೆಬರಹವೆಂದು ಸುಮ್ಮನಾಗುತ್ತಾರೆ, ಇಲ್ಲವೇ ವೈದ್ಯರು ಮೋಸ ಮಾಡಿದರೆಂದು ಸಿಟ್ಟಾಗುತ್ತಾರೆ. ಎರಡೂ ಸರಿಯಲ್ಲ ಎಂಬುದನ್ನು ನಿಮಗೆ ಮನಗಾಣಿಸಲು ಈ ಪತ್ರ ಬರೆಯುತ್ತಿದ್ದೇನೆ. ಕಲ್ಲು ಮೇಲೆ ಸರಿಯುವ ಸಂಭವ ಎಷ್ಟಿದೆ ಎಂಬುದನ್ನು ಮೊದಲೇ ಅಂದಾಜು ಮಾಡಬಹುದು. ಬಹಳ ಮಟ್ಟಿಗೆ ತಡೆಯಲೂಬಹುದು. ತಡೆಯಲಾಗದಿದ್ದರೆ ಮುಂದೇನು ಎಂಬುದನ್ನು ನಿಮಗೆ ಅರಿವಳಿಕೆ ಕೊಡುವ ಮುಂಚೆಯೇ ತೀರ್ಮಾನಿಸಬಹುದು, ತೀರ್ಮಾನಿಸಲೇಬೇಕು.

ಕಲ್ಲು ಏಕೆ ಸರಿಯುತ್ತದೆ ಎಂಬುದನ್ನು ಮೊದಲು ನೋಡೋಣ. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಮೂತ್ರನಾಳ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ, ಒಳದಾರಿ ಮೂರು ನಾಲ್ಕು ಮಿಲಿಮೀಟರ್ ಅಗಲ. ಅದು ಮೂರು ಕಡೆ ಸಹಜವಾಗಿಯೇ ಕಿರಿದು: ಕಿಡ್ನಿಯಿಂದ ಹೊರಡುವಲ್ಲಿ, ಸೊಂಟದ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಚೀಲದ ಗೋಡೆಯನ್ನು ಹೊಗುವಲ್ಲಿ. ಕಲ್ಲು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಂಥ ಕಡೆಗಳಲ್ಲೇ. ಸಿಕ್ಕಿಕೊಂಡ ಮೇಲೆ ಅದರ ಹಿಂದೆ ಮೂತ್ರ ನಿಂತು, ಮೇಲಿನ ನಾಳವೂ ಕಿಡ್ನಿಯೂ ಹಿಗ್ಗತೊಡಗುತ್ತವೆ. ಅಂದರೆ ಕಲ್ಲಿನ ಕೆಳಗೆ ಕಿರಿದಾದ ದಾರಿ, ಮೇಲೆ ಊದಿಕೊಂಡ ಸಡಿಲ ಜಾಗ. ವೈದ್ಯರು ಕೆಲಸ ಮಾಡುವುದು ಕೆಳಗಿನಿಂದ. ಕಣ್ಣಿಗೆ ಚೆನ್ನಾಗಿ ಕಾಣಲೆಂದು ದುರ್ಬೀನಿನ ಮೂಲಕ ಸಲೈನ್ ಹರಿಸುತ್ತಾರೆ, ಅದೂ ಕಲ್ಲನ್ನು ಮೇಲಕ್ಕೇ ಒತ್ತುತ್ತದೆ. ಒಡೆಯುವ ಉಪಕರಣ ಮುಟ್ಟುವುದೂ ಕೆಳಗಿನ ಮುಖವನ್ನೇ. ಹೀಗೆ ಒತ್ತಡವೆಲ್ಲ ಒಂದೇ ದಿಕ್ಕಿಗೆ ಇರುವಾಗ, ಎದುರಿಗೆ ಅಡ್ಡವಿಲ್ಲದಿದ್ದರೆ ಕಲ್ಲು ಸರಿಯುವುದೇ ಸಹಜ. ಮೂತ್ರನಾಳದ ಮೇಲ್ಭಾಗದಲ್ಲಿರುವ ಕಲ್ಲಿಗೆ ಕಿಡ್ನಿ ಇನ್ನೂ ಹತ್ತಿರ. ಆದ್ದರಿಂದಲೇ ಜಗತ್ತಿನ ಬೇರೆ ಬೇರೆ ಆಸ್ಪತ್ರೆಗಳ ವರದಿಗಳಲ್ಲಿ, ಕೆಳಭಾಗದ ಕಲ್ಲುಗಳು ಮೇಲೆ ಸರಿದದ್ದು ಶೇಕಡಾ 3ರಿಂದ 15ರಷ್ಟು ಮಂದಿಯಲ್ಲಾದರೆ, ಮೇಲ್ಭಾಗದ ಕಲ್ಲುಗಳು ಸರಿದದ್ದು ಶೇಕಡಾ 28ರಿಂದ 60ರವರೆಗೂ ಇದೆ. ಈ ಅಂತರವನ್ನು ದಯವಿಟ್ಟು ಗಮನಿಸಿ. ‘ನನ್ನ ಕಲ್ಲು ಎಲ್ಲಿದೆ?’ ಎಂಬ ಒಂದೇ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ನಿಮ್ಮ ಆಪರೇಷನ್ನಿನ ಅರ್ಧ ಭವಿಷ್ಯ ಅಡಗಿದೆ.

ಕಲ್ಲು ಸರಿಯುತ್ತದೆಯೇ ಎಂಬುದು ಅದನ್ನು ಯಾವುದರಿಂದ ಒಡೆಯುತ್ತಾರೆ ಎಂಬುದರ ಮೇಲೂ ನಿಂತಿದೆ. 1990ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಲಿಥೋಕ್ಲಾಸ್ಟ್ ಗಾಳಿಯ ಒತ್ತಡದಿಂದ ನಡೆಯುತ್ತದೆ. ಒಳಗಿನ ಲೋಹದ ತುಣುಕು ಮತ್ತೆ ಮತ್ತೆ ಬಡಿದು, ಆ ಹೊಡೆತ ಉದ್ದನೆಯ ಸರಳಿನ ಮೂಲಕ ಕಲ್ಲಿಗೆ ತಲುಪುತ್ತದೆ. ಗೋಲಿಗೆ ಗೋಲಿ ತಾಗಿದಾಗ ಎದುರಿನದು ಚಿಮ್ಮುವ ಹಾಗೆ ಇಲ್ಲಿಯೂ ಕಲ್ಲು ಹಿಂದಕ್ಕೆ ಹಾರಬಹುದು. ಯಂತ್ರ ಗಟ್ಟಿಮುಟ್ಟಾದದ್ದು, ಖರ್ಚು ಕಡಿಮೆ, ಎಷ್ಟೇ ಗಡಸು ಕಲ್ಲಾದರೂ ಒಡೆಯುತ್ತದೆ. ಹಾಗಾಗಿ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಅದಕ್ಕೆ ಇಂದಿಗೂ ಸ್ಥಾನವಿದೆ, ಇರಬೇಕಾದದ್ದೇ. ಹೋಲ್ಮಿಯಂ ಲೇಸರ್ ಇದಕ್ಕಿಂತ ಮೃದು. ಆದರೆ ಅದೂ ಪೂರ್ತಿ ನಿರಪಾಯವಲ್ಲ. ಪ್ರತಿ ಮಿಡಿತದ ಶಕ್ತಿಯನ್ನು ಹೆಚ್ಚಿಸಿದಷ್ಟೂ ಕಲ್ಲಿಗೆ ಬೀಳುವ ತಳ್ಳು ಹೆಚ್ಚುತ್ತದೆ. ಕಡಿಮೆ ಶಕ್ತಿಯ, ದೀರ್ಘ ಮಿಡಿತದ ಲೇಸರಿನಲ್ಲಿ ಕಲ್ಲು ಹೆಚ್ಚು ಕದಲದೆ ಪುಡಿಯಾಗುತ್ತದೆ. ಈಚೆಗೆ ಬಂದಿರುವ ಥೂಲಿಯಂ ಫೈಬರ್ ಲೇಸರಿನಲ್ಲಿ ಈ ತಳ್ಳು ಇನ್ನೂ ಕಡಿಮೆ. ಹೀಗಾಗಿ ‘ಲೇಸರ್ ಇದೆ’ ಎಂದು ಹೇಳಿದ ಮಾತ್ರಕ್ಕೆ ಕಲ್ಲು ಸರಿಯುವುದಿಲ್ಲ ಎಂಬ ಭರವಸೆ ಸಿಕ್ಕಂತಲ್ಲ. ‘ಲಿಥೋಕ್ಲಾಸ್ಟ್’ ಎಂದ ಮಾತ್ರಕ್ಕೆ ಹೆದರಿ ಎದ್ದು ಬರಬೇಕಾಗಿಯೂ ಇಲ್ಲ.

ತಡೆಯುವ ಉಪಾಯಗಳಲ್ಲಿ ಮೊದಲನೆಯವಕ್ಕೆ ಹೆಚ್ಚಿನ ಕಾಸೇ ಬೇಡ, ಎಚ್ಚರ ಸಾಕು. ಸಲೈನನ್ನು ಪಂಪು ಹಾಕಿ ಒತ್ತುವ ಬದಲು ಬಾಟಲಿಯನ್ನು ತಗ್ಗಿನಲ್ಲಿ ತೂಗುಹಾಕಿ, ಕಾಣಲು ಬೇಕಾದಷ್ಟೇ ಹರಿಸುವುದು. ಟೇಬಲ್ಲನ್ನು ತಲೆಯ ಕಡೆ ಮೇಲೆತ್ತಿ ಓರೆಮಾಡುವುದು, ಕಲ್ಲಿನ ಭಾರವೇ ಅದನ್ನು ಕೆಳಗೆ ಹಿಡಿದಿಡಲು ನೆರವಾಗುವಂತೆ. ಕಲ್ಲಿನ ನಡುಮಧ್ಯಕ್ಕೆ ಹೊಡೆಯುವ ಬದಲು ಅಂಚಿನಿಂದ ಸವೆಸುತ್ತಾ ಬರುವುದು, ಕಲ್ಲನ್ನು ನಾಳದ ಗೋಡೆಗೆ ಒತ್ತಿ ಹಿಡಿದು ಒಡೆಯುವುದು. ಸಲೈನಿನ ಒತ್ತಡ ತಗ್ಗಿಸುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. ಕಲ್ಲಿನ ಹಿಂದೆ ನಿಂತ ಮೂತ್ರದಲ್ಲಿ ಸೋಂಕಿದ್ದರೆ, ಹೆಚ್ಚಿನ ಒತ್ತಡವು ಆ ರೋಗಾಣುಗಳನ್ನು ಕಿಡ್ನಿಯ ಮೂಲಕ ರಕ್ತಕ್ಕೆ ನೂಕುತ್ತದೆ. ಈ ಚಿಕಿತ್ಸೆಯಲ್ಲಿ ಜೀವಕ್ಕೇ ಅಪಾಯ ತರುವ ಸಂಗತಿಗಳಲ್ಲಿ ಇದು ಮುಖ್ಯವಾದದ್ದು. ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರೆ, ಅದು ಬಿಲ್ಲು ಬೆಳೆಸುವ ತಂತ್ರ ಎಂದುಕೊಳ್ಳಬೇಡಿ.

ಎರಡನೆಯ ಬಗೆ, ಕಲ್ಲಿನ ಆಚೆಗೆ ಅಡ್ಡವೊಂದನ್ನು ಇಡುವುದು. ಬಾಸ್ಟನ್ನಿನ ಮೂತ್ರಶಾಸ್ತ್ರಜ್ಞ ಸ್ಟೀಫನ್ ಡ್ರೆಟ್ಲರ್ 2001ರ ಸುಮಾರಿಗೆ ಪರಿಚಯಿಸಿದ ಸ್ಟೋನ್ ಕೋನ್ ಇದಕ್ಕೆ ಚೆನ್ನಾದ ಉದಾಹರಣೆ. ತೆಳ್ಳನೆಯ ತಂತಿಯನ್ನು ಎಕ್ಸ್-ರೇ ನೋಡುತ್ತಾ ಕಲ್ಲನ್ನು ದಾಟಿಸುತ್ತಾರೆ. ಅಲ್ಲಿ ಅದು ಸುರುಳಿಯಾಗಿ ಬಿಚ್ಚಿಕೊಂಡು ದಾರಿ ಕಟ್ಟುತ್ತದೆ, ಕೊನೆಗೆ ಚೂರುಗಳನ್ನು ಕೆಳಗೆ ಗುಡಿಸಿಕೊಂಡು ಬರುತ್ತದೆ. ಬಲೆಯ ಹಾಗೆ ಬಿಚ್ಚಿಕೊಳ್ಳುವ ಎನ್‌ಟ್ರ್ಯಾಪ್, ಮಡಿಕೆ ಮಡಿಕೆಯಾಗಿ ನಿಲ್ಲುವ ಅಕಾರ್ಡಿಯನ್, ಮೈಬಿಸಿಗೆ ಗಟ್ಟಿಯಾಗಿ ತಣ್ಣನೆಯ ಸಲೈನಿಗೆ ಕರಗಿ ಹೋಗುವ ಬ್ಯಾಕ್‌ಸ್ಟಾಪ್ ಜೆಲ್, ಇವೆಲ್ಲ ಅದೇ ಕುಲದವು. ಇವನ್ನು ಬಳಸಿದ ಗುಂಪನ್ನೂ ಬಳಸದ ಗುಂಪನ್ನೂ ಹೋಲಿಸಿದ ಅಧ್ಯಯನಗಳಲ್ಲಿ, ಕಲ್ಲು ಮೇಲೆ ಸರಿಯುವುದು ಕಡಿಮೆಯಾಗಿ, ಒಂದೇ ಸಲಕ್ಕೆ ಪೂರ್ತಿ ತೆರವಾಗುವ ಪ್ರಮಾಣ ಹೆಚ್ಚಿರುವುದು ಕಂಡಿದೆ. ನನಗೆ ಇವೆಲ್ಲಕ್ಕಿಂತ ಹೆಚ್ಚು ಆಸಕ್ತಿಯ ಸಂಗತಿ ಬೇರೆಯದು. ಇರಾನಿನ ಮೂತ್ರಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಡ್ಡವಾಗಿ ಬಳಸಿದ್ದು ಸಾಮಾನ್ಯ ಲಿಡೋಕೇನ್ ಜೆಲ್ಲಿಯನ್ನು. ನಾವು ಲಿಗ್ನೋಕೇನ್ ಜೆಲ್ಲಿ ಎನ್ನುವುದೂ ಇದನ್ನೇ, ಕ್ಯಾಥೆಟರ್ ಹಾಕುವಾಗ ಪ್ರತಿ ಆಸ್ಪತ್ರೆಯಲ್ಲೂ ಬಳಸುವಂಥದ್ದು. ಸಣ್ಣ ನಳಿಕೆಯಿಂದ ಅದನ್ನು ಕಲ್ಲಿನ ಆಚೆಗೆ ತುಂಬಿದಾಗ, ಜೆಲ್ಲಿಯ ಅಂಟೇ ಕಲ್ಲನ್ನು ಹಿಡಿದಿಡಲು ನೆರವಾಗಿ ಸರಿಯುವುದು ಕಡಿಮೆಯಾಯಿತು. ದುಬಾರಿ ಉಪಕರಣ ಇಲ್ಲದ ಕಡೆಯಲ್ಲೂ ಮಾಡಲು ಏನೂ ಇಲ್ಲ ಎನ್ನುವಂತಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ ಸಾಕು.

ಹಾಗೆಂದು ವೈದ್ಯರ ಮುಂದೆ ಕುಳಿತು ‘ಇಂಥದ್ದನ್ನೇ ಬಳಸಿ’ ಎಂದು ಹಟ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಬಹಳ ದಿನ ಕೂತು ಗೋಡೆಗೆ ಕಚ್ಚಿಕೊಂಡ ಕಲ್ಲಿನ ಪಕ್ಕದಲ್ಲಿ ಕೂದಲೆಳೆಯಷ್ಟೂ ಎಡೆ ಇರುವುದಿಲ್ಲ. ಅಲ್ಲಿ ತಂತಿಯನ್ನು ಬಲವಂತವಾಗಿ ನುಗ್ಗಿಸಿದರೆ ನಾಳ ತೂತಾಗುತ್ತದೆ. ದೊಡ್ಡ ಕಲ್ಲನ್ನು ತಂತಿಯ ಬುಟ್ಟಿಯಲ್ಲಿ ಹಿಡಿದು ಎಳೆದರೆ ನಾಳವೇ ಕಿತ್ತು ಬರುವ ಘೋರವೂ ಅಪರೂಪಕ್ಕೆ ನಡೆದದ್ದುಂಟು. ಇಂಥ ಸಂದರ್ಭದಲ್ಲಿ ಕೈ ತಡೆದು, ಸ್ಟೆಂಟ್ ಹಾಕಿ, ಕೆಲವು ವಾರ ಬಿಟ್ಟು ಮತ್ತೆ ಬರುವ ವೈದ್ಯರು ಸೋತವರಲ್ಲ, ವಿವೇಕಿಗಳು. ಮೇಲ್ಭಾಗದ ಕೆಲವು ಕಲ್ಲುಗಳನ್ನು ಬೇಕೆಂದೇ ಕಿಡ್ನಿಗೆ ತಳ್ಳಿ, ಅಲ್ಲಿ ಬಾಗುವ ದುರ್ಬೀನಿನಿಂದ ಪುಡಿಮಾಡುವ ಕ್ರಮವೂ ಇದೆ. ಆದ್ದರಿಂದ ಕಲ್ಲು ಮೇಲೆ ಹೋಗುವುದೇ ತಪ್ಪಲ್ಲ. ಅದಕ್ಕೆ ಯಾವ ತಯಾರಿಯೂ ಇಲ್ಲದೆ ಇರುವುದು ತಪ್ಪು. ಮೂತ್ರನಾಳಕ್ಕೆ ಬಳಸುವ ಸಾಮಾನ್ಯ ದುರ್ಬೀನು ಹೆಚ್ಚು ಬಾಗುವಂಥದ್ದಲ್ಲ, ಕಿಡ್ನಿಯ ಮೂಲೆಗಳಿಗೆ ಅದು ಎಟುಕದು. ಬಾಗುವ ದುರ್ಬೀನು ಅದೇ ಥಿಯೇಟರಿನಲ್ಲಿ ಇದ್ದರೆ ಸರಿದ ಕಲ್ಲನ್ನೂ ಅದೇ ಸಲ ಹಿಂಬಾಲಿಸಿ ಮುಗಿಸಬಹುದು. ಇಲ್ಲದಿದ್ದರೆ ಆಪರೇಷನ್ ಅಲ್ಲಿಗೇ ನಿಲ್ಲುತ್ತದೆ. ಉಳಿದ ಕಲ್ಲಿನ ಗಾತ್ರ ನೋಡಿ, ಮುಂದೆ ಹೊರಗಿನಿಂದ ತರಂಗ ಹಾಯಿಸಿ ಒಡೆಯುವುದೋ, ಇನ್ನೊಂದು ಆಸ್ಪತ್ರೆಯಲ್ಲಿ ಬಾಗುವ ದುರ್ಬೀನಿನ ಚಿಕಿತ್ಸೆಯೋ, ತೀರ ದೊಡ್ಡದಾದರೆ ಬೆನ್ನ ಕಡೆಯಿಂದ ರಂಧ್ರ ಮಾಡಿ ತೆಗೆಯುವುದೋ ಆಗಬೇಕು. ಈ ಮೂರರ ಖರ್ಚು, ನೋವು, ರಜೆ ಒಂದೇ ಅಲ್ಲ.

ಇಲ್ಲಿಯೇ ಕಾನೂನಿನ ಮಾತು ಬರುತ್ತದೆ. ನಮ್ಮ ಊರುಗಳಲ್ಲಿ ಇದನ್ನು ಬಲ್ಲವರು ಬಹಳ ಕಡಿಮೆ ಎಂಬುದೇ ನನ್ನ ನಿಜವಾದ ಆತಂಕ. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ಕೊಟ್ಟಿತು. ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯೊಬ್ಬರಿಗೆ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಬೇರೊಂದು ದೊಡ್ಡ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣ ಅದು. ರೋಗಿ ವಯಸ್ಕರಾಗಿದ್ದು, ಸ್ವತಃ ನಿರ್ಧರಿಸಬಲ್ಲವರಾಗಿದ್ದಾಗ, ತಾತ್ಕಾಲಿಕವಾಗಿ ಎಚ್ಚರ ತಪ್ಪಿದ್ದಾರೆಂಬ ಕಾರಣಕ್ಕೆ ಮನೆಯವರ ಸಹಿ ಅವರ ಒಪ್ಪಿಗೆಗೆ ಬದಲಾಗಲಾರದು ಎಂದು ನ್ಯಾಯಾಲಯ ಹೇಳಿತು. ಜೀವ ಉಳಿಸಲು ಅಥವಾ ಆರೋಗ್ಯ ಕಾಪಾಡಲು ತಕ್ಷಣವೇ ಮಾಡಬೇಕಾದದ್ದನ್ನು ಬಿಟ್ಟರೆ, ಮೊದಲು ಒಪ್ಪಿಕೊಂಡದ್ದಕ್ಕಿಂತ ಆಚೆಗೆ ಹೋಗುವಂತಿಲ್ಲ. ಆದರೆ ಮುಂದೆ ಬೇಕಾಗಬಹುದಾದ ಇಂತಿಂಥ ಚಿಕಿತ್ಸೆಗೆ ಎಂದು ಮುಂಚಿತವಾಗಿ ಒಟ್ಟಿಗೇ ಒಪ್ಪಿಗೆ ಪಡೆಯಲು ಅಡ್ಡಿಯಿಲ್ಲ. ಇದನ್ನು ಮೂತ್ರನಾಳದ ಕಲ್ಲಿಗೆ ಹೊಂದಿಸಿ ನೋಡಿ. ಕಲ್ಲು ಮೇಲೆ ಸರಿದ ಗಳಿಗೆಯಲ್ಲಿ ನೀವು ಮಾತನಾಡುವ ಸ್ಥಿತಿಯಲ್ಲಿರುವುದಿಲ್ಲ. ಥಿಯೇಟರಿನ ಬಾಗಿಲು ತೆರೆದು, ಮಗನನ್ನೋ ಗಂಡನನ್ನೋ ಕರೆದು, ‘ಬೇಗ ಸಹಿ ಮಾಡಿ’ ಎಂದರೆ ಆ ಗಾಬರಿಯಲ್ಲಿ ಅವರು ಏನು ತಿಳಿದು ಸಹಿ ಮಾಡಿಯಾರು? ವೈದ್ಯರಿಗೂ ಅದು ಭದ್ರವಾದ ಕಾಗದವಲ್ಲ. ನೀವು ಹಿಂದಿನ ದಿನವೇ, ‘ಕಲ್ಲು ಸರಿದರೆ ಬಾಗುವ ದುರ್ಬೀನು ಬಳಸಲು ನನ್ನ ಒಪ್ಪಿಗೆ ಇದೆ’ ಎಂದೋ, ‘ಸ್ಟೆಂಟ್ ಹಾಕಿ ನಿಲ್ಲಿಸಿ, ಆಮೇಲೆ ಯೋಚಿಸುತ್ತೇನೆ’ ಎಂದೋ ಬರೆಸಿಟ್ಟಿದ್ದರೆ ಇಬ್ಬರಿಗೂ ನಿಶ್ಚಿಂತೆ. ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಕೊಡಿ ಎಂದು ಕೇಳಿ. ಇಂಗ್ಲಿಷಿನದೇ ಇದ್ದರೆ ಓದಿ ಹೇಳಿಸಿಕೊಂಡು ಆಮೇಲೆ ಸಹಿ ಮಾಡಿ.

‘ಡಾಕ್ಟರಿಗೇ ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ? ನಾವು ಓದಿದವರಲ್ಲ’ ಎಂಬ ಸಂಕೋಚ ನಿಮ್ಮಲ್ಲಿ ಅನೇಕರಿಗಿದೆ. ಅದು ಸೌಜನ್ಯದಿಂದ ಹುಟ್ಟಿದ ಸಂಕೋಚ, ಅದನ್ನು ಗೌರವಿಸುತ್ತೇನೆ. ಆದರೆ ನೀವು ವಿದ್ಯೆಯನ್ನು ಪರೀಕ್ಷಿಸುತ್ತಿಲ್ಲ, ನಿಮ್ಮ ದೇಹಕ್ಕೆ ನಡೆಯಲಿರುವುದನ್ನು ತಿಳಿದುಕೊಳ್ಳುತ್ತಿದ್ದೀರಿ. ದಿನಕ್ಕೆ ಹತ್ತಾರು ರೋಗಿಗಳನ್ನು ನೋಡುವ ವೈದ್ಯರಿಗೆ ಸಮಯ ಕಡಿಮೆ ಎಂಬುದೂ ನಿಜ. ಆದ್ದರಿಂದ ಪ್ರಶ್ನೆಗಳನ್ನು ಕಡಿಮೆ ಮಾಡಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು? ಮೇಲೆ ಸರಿಯದಂತೆ ಏನು ಮಾಡುತ್ತೀರಿ? ಸರಿದರೆ ಇಲ್ಲೇ ಮುಗಿಸುವ ಅನುಕೂಲ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ, ಆಗ ಎಷ್ಟು ಖರ್ಚು? ಎರಡು ನಿಮಿಷದ ಮಾತು. ಇದರ ಜೊತೆಗೆ ಒಂದು ಕೋರಿಕೆ: ಸ್ಕ್ಯಾನ್ ಮಾಡಿಸಿ ವಾರಗಳು ಕಳೆದಿದ್ದರೆ, ಆಪರೇಷನ್ನಿಗೆ ಮುಂಚೆ ಕಲ್ಲಿನ ಜಾಗವನ್ನು ಮತ್ತೊಮ್ಮೆ ನೋಡಿ ಎಂದು ವಿನಂತಿಸಿ. ಈ ನಡುವೆ ಕಲ್ಲು ತಾನಾಗಿಯೇ ಕೆಳಗಿಳಿದು ಹೊರಬಿದ್ದಿರಬಹುದು, ಮೇಲಕ್ಕೂ ಹೋಗಿರಬಹುದು. ಎರಡು ಸಂದರ್ಭದಲ್ಲೂ ಮಾಡಬೇಕಾದ ಕೆಲಸವೇ ಬೇರೆಯಾಗುತ್ತದೆ.

ಇನ್ನು ಖರ್ಚಿನ ಮಾತು. ಕಲ್ಲಿನ ಆಚೆಗೆ ಅಡ್ಡವಾಗಿ ಇಡುವ, ಒಮ್ಮೆ ಬಳಸಿ ಬಿಸಾಡುವ ಉಪಕರಣಗಳಿಗೆ ಸಾವಿರಾರು ರೂಪಾಯಿ ಬೆಲೆ ಇದೆ, ಎಲ್ಲರಿಗೂ ಎಲ್ಲ ಕಲ್ಲಿಗೂ ಬೇಕಾಗುವುದೂ ಇಲ್ಲ. ಮೂತ್ರಚೀಲದ ಬಾಗಿಲಲ್ಲಿ ಕೂತ ಸಣ್ಣ ಕಲ್ಲಿಗೆ ಇದನ್ನು ಬಳಸಲಿಲ್ಲವೆಂದು ಆಕ್ಷೇಪಿಸುವುದು ನ್ಯಾಯವಲ್ಲ. ಮೇಲ್ಭಾಗದ ಕಲ್ಲು, ಹಿಗ್ಗಿದ ನಾಳ, ಬಾಗುವ ದುರ್ಬೀನು ಇಲ್ಲದ ಆಸ್ಪತ್ರೆ, ಈ ಮೂರೂ ಕೂಡಿದ ಕಡೆ ಮಾತ್ರ ಎರಡನೇ ಆಪರೇಷನ್ನಿನ ವೆಚ್ಚದ ಎದುರು ಈ ಬೆಲೆ ಚಿಕ್ಕದಾಗಿ ಕಾಣುತ್ತದೆ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಉಳಿದವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಕಲ್ಲು ಸರಿದು ಎರಡನೇ ಹಂತದ ಚಿಕಿತ್ಸೆ ಬೇಕಾದರೆ ಅದಕ್ಕೆ ಬೇರೆ ಅನುಮೋದನೆ ಬೇಕೇ ಎಂಬುದನ್ನು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಬಳಿ ಮೊದಲೇ ವಿಚಾರಿಸಿ. ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದವರೂ ಹೀಗೇ ಕೇಳಿಕೊಳ್ಳಿ.

‘ಇಷ್ಟೆಲ್ಲ ಏಕೆ, ನೇರ ಬೆಂಗಳೂರಿಗೇ ಹೋಗಿಬಿಡೋಣ’ ಎನ್ನುವವರಿದ್ದಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ, ಕಷ್ಟದ ಕಲ್ಲುಗಳಿಗೆ ಅದು ದೊಡ್ಡ ಆಸರೆ. ಆದರೆ ಅದು ಹಾಸನದಿಂದ ಸುಮಾರು 180 ಕಿಲೋಮೀಟರ್ ದೂರ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನ ಮೂವತ್ತು ನಲವತ್ತು ಕಿಲೋಮೀಟರ್ ಒಳಗೇ ಇದೆ. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಅದಕ್ಕೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯೂ ಅಲ್ಲಿವೆ. ಮೂತ್ರನಾಳದ ಕಲ್ಲಿನಲ್ಲಿ ಆಪರೇಷನ್ನಿನ ಹಿಂದೆ ಮುಂದೆ ಓಡಾಟ ಹೆಚ್ಚು: ಪರೀಕ್ಷೆ, ಸ್ಟೆಂಟ್ ತೆಗೆಸುವುದು, ಮರು ಸ್ಕ್ಯಾನ್, ನಡುವೆ ಜ್ವರ ಬಂದರೆ ರಾತ್ರೋರಾತ್ರಿ ದೌಡು. ಹತ್ತಿರದ ಆಸ್ಪತ್ರೆಯಲ್ಲೇ ಸರಿಯಾಗಿ ಆಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ದೂರ ಹೋಗಬೇಕೇ ಬೇಡವೇ ಎಂಬುದನ್ನು ಆಸ್ಪತ್ರೆಯ ಹೆಸರು ನೋಡಿ ನಿರ್ಧರಿಸಬೇಡಿ, ನಿಮ್ಮ ಕಲ್ಲಿನ ಜಾಗ, ಗಾತ್ರ ಮತ್ತು ಅಲ್ಲಿರುವ ಅನುಕೂಲ ನೋಡಿ ನಿರ್ಧರಿಸಿ.

ಆಪರೇಷನ್ನನ್ನೇ ಮುಂದೂಡುತ್ತಾ ಬಾಳೆದಿಂಡಿನ ರಸ, ಹುರುಳಿ ಕಟ್ಟು, ಕಾಡುಬಸಳೆ ಎಲೆ ಎಂದು ತಿಂಗಳು ಕಳೆಯುವವರಿಗೂ ಒಂದು ಮಾತು. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ಏನೂ ಮಾಡದಿದ್ದರೂ ತಾವೇ ಬಿದ್ದುಹೋಗುತ್ತವೆ, ಮದ್ದಿಗೆ ಹೆಸರು ಬರುವುದು ಹೀಗೆ. ಸ್ವಲ್ಪ ದೊಡ್ಡ, ಕೆಳಭಾಗದ ಕಲ್ಲಿಗೆ ವೈದ್ಯರೂ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟು ನಾಲ್ಕಾರು ವಾರ ಕಾಯಬಹುದು. ಅದು ಕಣ್ಣಿಟ್ಟು ಕಾಯುವುದು, ಮರೆತು ಕೂರುವುದಲ್ಲ. ನೋವು ನಿಂತಿತೆಂದರೆ ಕಲ್ಲು ಹೋಯಿತೆಂದೇ ಅರ್ಥವಲ್ಲ. ಸದ್ದಿಲ್ಲದೆ ಕೂತ ಕಲ್ಲು ಕಿಡ್ನಿಯನ್ನು ಹಿಗ್ಗಿಸುತ್ತಲೇ ಇರಬಹುದು. ಕಿಡ್ನಿ ಹಿಗ್ಗಿದಷ್ಟೂ ಆಪರೇಷನ್ನಿನಲ್ಲಿ ಕಲ್ಲು ಮೇಲೆ ಸರಿಯುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಆಗ ಮೊದಲು ಆಗಬೇಕಾದದ್ದು ನಿಂತ ಮೂತ್ರವನ್ನು ಹೊರಹರಿಸುವುದು, ಕಲ್ಲು ಒಡೆಯುವುದು ಆಮೇಲೆ. ಬಿಸಿಲಲ್ಲಿ ದುಡಿಯುವವರು, ಅದರಲ್ಲೂ ಅರಕಲಗೂಡು ರಾಮನಾಥಪುರ ಕಡೆ ತಂಬಾಕು ಹದ ಮಾಡುವ ಬ್ಯಾರನ್ನಿನ ಬಿಸಿಯಲ್ಲಿ ಕೆಲಸ ಮಾಡುವವರು, ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಒಮ್ಮೆ ಕಲ್ಲಾದವರಿಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ, ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಕೈಗೆ ಬರುವ ಕಾಗದದಲ್ಲಿ ಮೂರು ಸಂಗತಿ ಇರಲೇಬೇಕೆಂದು ಕೇಳಿ. ಕಲ್ಲು ಪೂರ್ತಿ ತೆರವಾಯಿತೇ, ಇಲ್ಲವೇ ಚೂರು ಮೇಲೆ ಹೋಗಿದೆಯೇ, ಹೋಗಿದ್ದರೆ ಎಷ್ಟು ದೊಡ್ಡದು. ಒಳಗೆ ಸ್ಟೆಂಟ್ ಇದೆಯೇ, ಇದ್ದರೆ ಅದನ್ನು ತೆಗೆಸುವ ದಿನಾಂಕ ಯಾವುದು. ಮರು ಸ್ಕ್ಯಾನ್ ಯಾವಾಗ. ಕಲ್ಲು ಸರಿದವರಲ್ಲಿ ಸ್ಟೆಂಟ್ ಹೆಚ್ಚು ದಿನ ಉಳಿಯುತ್ತದೆ, ಉರಿ ಕಡಿಮೆಯಾದ ಮೇಲೆ ಮರೆತೂ ಹೋಗುತ್ತದೆ. ತಿಂಗಳುಗಟ್ಟಲೆ ಮರೆತ ಸ್ಟೆಂಟಿನ ಮೇಲೆಯೇ ಕಲ್ಲು ಕಟ್ಟಿಕೊಂಡು, ಅದನ್ನು ತೆಗೆಯುವುದು ಮೊದಲಿನ ಕಲ್ಲಿಗಿಂತ ಕಷ್ಟವಾಗುತ್ತದೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಅಕ್ಕಪಕ್ಕದಲ್ಲಿ ಈಗ ಸ್ಟೆಂಟ್ ಇರುವವರು ಯಾರಾದರೂ ಇದ್ದರೆ, ಅವರ ಡಿಸ್ಚಾರ್ಜ್ ಕಾಗದ ತೆಗೆಸಿ ದಿನಾಂಕ ನೋಡಿ. ಕಳೆದುಹೋಗಿದ್ದರೆ ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇತಿ,
ತಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ಒಬ್ಬ ಬರಹಗಾರ